ಸ್ಥಳದಲ್ಲೇ ವರ್ಗಾವಣೆಗೊಂಡ ಕೀಲಿಮಣೆಯವರ ಸನ್ನಿಧಿಗೆ

ಗೆ,
ಶ್ರೀಮಾನ್ ಕೀಲಿಮಣೆಯವರು,
ಉಕ್ಕಿನ ಕಪಾಟು, ಮೇಲಿನ ಖಾನೆ,
ಸಂಗೀತ ವಿಭಾಗ, ರಾಯಚೂರು.

ವಿಷಯ: ತಾವು ಪರೀಕ್ಷೆಯ ದಿನ ಸುಳ್ಳು ನುಡಿದ ಬಗ್ಗೆ.

ಮಾನ್ಯರೇ,

ಅರವತ್ತೊಂದು ಹಲ್ಲುಗಳನ್ನೂ ಒಮ್ಮೆಗೇ ತೋರಿಸಿ ಸದಾ ನಗುತ್ತಿರುವ, ನಗುವಾಗ ಕಪ್ಪು ಹಲ್ಲು ಬಿಳಿ ಹಲ್ಲು ಎಂಬ ಭೇದ ಮಾಡದ, ರಾಯಚೂರಿನಲ್ಲೇ ಇದ್ದೂ ರಾಯಚೂರಿನ ಬಿಸಿಲು ಹೇಗಿರುತ್ತದೆಂದು ಕಪಾಟಿನ ಕೃಪೆಯಿಂದ ತಿಳಿಯದೇ ಉಳಿದ ತಮ್ಮ ಘನ ಸನ್ನಿಧಾನಕ್ಕೆ, ಬಿ.ಮ್ಯೂಸಿಕ್ ಕೊನೆಯ ವರ್ಷದಲ್ಲಿ ಹಿಂದುಸ್ತಾನಿ ಗಾಯನ ಕಲಿಯುತ್ತಿರುವ ಶ್ರೀವಲ್ಲಿ ಎಂಬವಳು ಮಾಡುವ ಭಯಭಕ್ತಿಪೂರ್ವಕ ನಮಸ್ಕಾರಗಳು. ನನ್ನ ಊರು ಮಾನ್ವಿ. ಆದ್ದರಿಂದ ಇದನ್ನು ಮಾನ್ವಿಯವಳ ಮನವಿ ಎಂದು ಓದಿಕೊಂಡರೂ ನಡೆದೀತು. ಆದರೆ ಒಂದೇ ಕಟ್ಟಡದಲ್ಲಿದ್ದೂ ತಾವು ನಮ್ಮಿಂದ ಎಷ್ಟು ದೂರ ಉಳಿದಿರಿ ಎಂದರೆ, ದೂರು ಎಂಬ ಪದ ಹುಟ್ಟಿದ್ದೇ ಅಂಥ ದೂರದಿಂದ ಇರಬೇಕೆಂದು ನನಗೆ ಅನುಮಾನ ಬಂದಿದೆ. ತಮ್ಮೊಡನೆ ಅಂತರಂಗದಲ್ಲಿ ಮಾತಾಡಿ ಮುಗಿಸೋಣವೆಂದುಕೊಂಡಿದ್ದೆ. ತಮ್ಮ ಅಂತರಂಗಕ್ಕೆ ಕೀಲಿ ಹಾಕಿರುವುದರಿಂದ ಬಹಿರಂಗವಾಗಿ ಬರೆಯಬೇಕಾಗಿ ಬಂದಿದೆ, ಕ್ಷಮೆ ಇರಲಿ.

ವಿಷಯ ಇಷ್ಟೇ. ನಮ್ಮ ವರ್ಗದಲ್ಲಿ ಇರುವವರು ಇಬ್ಬರು: ನಾನು, ಮತ್ತು ದೇವದುರ್ಗದ ಗುಲ್ಫಶಾ. ಗುಲ್ಫಶಾ ಹಾಡಿದರೆ ಪಕ್ಕದ ಕೋಣೆಯ ತಬಲಾದವರು ತಮ್ಮ ಪಾಠ ನಿಲ್ಲಿಸಿ ಕೇಳುತ್ತಾರೆ. ನಾನು ಹಾಡಿದರೂ ನಿಲ್ಲಿಸುತ್ತಾರೆ, ಕಾರಣ ಬೇರೆ. ಗಬ್ಬೂರಿನ ವಸತಿ ಶಾಲೆಯೊಂದು ಅವಳನ್ನು ಸಂಗೀತ ಶಿಕ್ಷಕಿಯಾಗಿ ಕರೆದಿದೆ. ಈ ತಿಂಗಳು ಮುಗಿಯುವುದರೊಳಗೆ ಅಂಕಪಟ್ಟಿ ತೋರಿಸದಿದ್ದರೆ ಆ ಕೆಲಸ ಬೇರೊಬ್ಬರ ಪಾಲು. ಅವಳು ಎಲ್ಲ ವಿಷಯಗಳಲ್ಲೂ ಪಾಸಾಗಿದ್ದಾಳೆ, ಒಂದರ ಹೊರತು. 'ಕೀಲಿಮಣೆ ಮತ್ತು ಸಂಗೀತಗಾರಿಕೆ ಕೌಶಲಗಳು' ಎಂಬುದರ ಎದುರು 'ಫಲಿತಾಂಶ ತಡೆಹಿಡಿಯಲಾಗಿದೆ' ಎಂದು ಬಂದಿದೆ. ಹಿಡಿದವರು ವಿಶ್ವವಿದ್ಯಾಲಯದವರು. ತಡೆದವರು ತಾವು.

ಇದನ್ನು ತಾವು ಒಪ್ಪುವುದಿಲ್ಲವೆಂದು ಬಲ್ಲೆ. ಆದ್ದರಿಂದ ಮೊದಲಿನಿಂದ ನಿವೇದಿಸುತ್ತೇನೆ.

ತಾವು ನಮ್ಮ ಕಾಲೇಜಿಗೆ ದಯಮಾಡಿಸಿದ ದಿನ ತಮಗೆ ನೆನಪಿರಬಹುದು. ಥರ್ಮೋಕೋಲಿನ ಪಲ್ಲಕ್ಕಿಯಲ್ಲಿ ಬಂದಿರಿ. ಬಾಗಿಲಿಗೆ ತೋರಣ ಕಟ್ಟಿ, ಮೇಜಿಗೆ ಜರಿಯ ಶಾಲು ಹೊದಿಸಿ, ಸಂಗೀತಗಾರರಿಗೆ ಯಾರೂ ಹಾಕದ ಮಣೆಯನ್ನು ತಮಗೆ ಹಾಕಿದೆವು. ನಮ್ಮ ಪ್ರಾಚಾರ್ಯರು ಸಂಗೀತ ಕಾಲೇಜಿನ ಪ್ರಾಚಾರ್ಯರಾದರೂ ಅರ್ಥಶಾಸ್ತ್ರದವರು. ಅದು ಅವರ ತಪ್ಪಲ್ಲ, ಅವರನ್ನೂ ಎಲ್ಲಿಂದಲೋ ವರ್ಗ ಮಾಡಿ ಕಳಿಸಿದ್ದು. ಅವರು ತಮಗೆ ಹಾರ ಹಾಕಿ, ಕಾಯಿ ಒಡೆದು, ತೋರುಬೆರಳಿನಿಂದ ತಮ್ಮ 'ಡೆಮೊ' ಎಂಬ ಗುಂಡಿಯನ್ನು ಒತ್ತಿದರು. ತಾವು ತಕ್ಷಣ ಪಿಟೀಲು, ಗಿಟಾರು, ಡೋಲು, ಜಾಗಟೆಗಳ ಸಮೇತ ಮೊಳಗಿದಿರಿ. ಒಂದೇ ಬೆರಳಿನಲ್ಲಿ ಇಷ್ಟೆಲ್ಲ ನುಡಿಸಿದ ಪಾಂಡಿತ್ಯಕ್ಕೆ ಸಭಿಕರು ಬೆರಗಾಗಿ ಚಪ್ಪಾಳೆ ತಟ್ಟಿದರು. ಪ್ರಾಚಾರ್ಯರು ಆ ಚಪ್ಪಾಳೆಯನ್ನು ನಿರಾಕರಿಸಲಿಲ್ಲ. ಅಂದಿನಿಂದ ಕಾಲೇಜಿಗೆ ಯಾರೇ ಗಣ್ಯರು ಬಂದರೂ ತಮ್ಮನ್ನು ಕಪಾಟಿನಿಂದ ಇಳಿಸುವುದು, ಡೆಮೊ ಒತ್ತುವುದು, ಚಪ್ಪಾಳೆ ಮುಗಿದ ಮೇಲೆ ಒಳಗಿಟ್ಟು ಕೀಲಿ ಹಾಕುವುದು ನಮ್ಮ ವಿಭಾಗದ ಪದ್ಧತಿಯಾಯಿತು. ತಮಗೆ ಕರೆಂಟು ಉಣಿಸುವ ಅಡಾಪ್ಟರ್ ಎಂಬ ಬಾಲ ಇಲ್ಲಿದ್ದರೆ ಯಾರಾದರೂ ಕಲಿತುಬಿಟ್ಟಾರೆಂದು ಅದನ್ನು ಬೇರೆಯಾಗಿ, ಪ್ರಾಚಾರ್ಯರ ಮೇಜಿನ ಖಾನೆಯಲ್ಲಿ, ಇನ್ನೊಂದು ಕೀಲಿಯ ಕೆಳಗೆ ಇಟ್ಟರು.

ಬೇರೆ ಸೀಮೆಗಳಲ್ಲಿ ಕೀಲಿ ಎಂದರೆ ತೆರೆಯುವ ಸಾಧನವಂತೆ. ನಮ್ಮ ಕಡೆ ಕೀಲಿ ಎಂದರೆ ಹಾಕುವ ವಸ್ತು. ಕಾಲೇಜಿನವರು ಕೀಲಿಮಣೆಯೆಂಬ ತಮ್ಮ ಹೆಸರಿನ ಪೂರ್ವಾರ್ಧವನ್ನು ಚಾಚೂ ತಪ್ಪದೆ ಪಾಲಿಸಿದರು. ಉತ್ತರಾರ್ಧವಾದ ಮಣೆಯೊಂದು ನಮಗೆ ಉಳಿಯಿತು, ಅದರ ಮೇಲೆ ಕೂತು ಮುಚ್ಚಿದ ಕಪಾಟನ್ನು ದರ್ಶನ ಮಾಡಿದೆವು. ಮನೆಯಲ್ಲಿ ದಖ್ಖನಿ ಆಡುವ ಗುಲ್ಫಶಾ, ಈ ವಿಭಾಗದಲ್ಲಿ ತಾಳ ತಪ್ಪಿದರೂ ತಾಲಾ ತಪ್ಪುವುದಿಲ್ಲ ಎಂದಳು. ಅವಳ ಮನೆಮಾತಿನಲ್ಲಿ ತಾಲಾ ಎಂದರೆ ಬೀಗ. ಕೋಣೆ ಗುಡಿಸುವ ಬಸ್ಸಮ್ಮನಂತೂ ಕಪಾಟಿನ ಎದುರು ಪೊರಕೆ ಊರಿ ನಿಂತು ನಮ್ಮನ್ನೇ ವಿಚಾರಿಸಿದಳು: "ಒಳಗೇನ್ ಬಂಗಾರದ ಮೂರ್ತಿ ಅದನೇನ್ ಯವ್ವಾ? ಗುಡಿಗಾದ್ರ ದಿನಾ ಒಂದೊಪ್ಪತ್ತರ ಬಾಗಲಾ ತೆಗಿತಾರ."

ಹೀಗೆ ಗರ್ಭಗುಡಿಯಲ್ಲಿದ್ದೇ ತಾವು ನಮ್ಮಿಂದ ಬಯಸಿದ್ದು ಕಡಿಮೆಯೇನಲ್ಲ. ಪಠ್ಯಕ್ರಮದಲ್ಲಿ ತಮ್ಮ ಪರವಾಗಿ ಬರೆದಿರುವ ಬೇಡಿಕೆಗಳನ್ನು ಓದಿ ನಾವಿಬ್ಬರೂ ನಮ್ಮ ಬೆರಳುಗಳನ್ನು ಎಣಿಸಿ ನೋಡಿಕೊಂಡೆವು. ಮೊದಲನೆಯದಾಗಿ, ಎರಡೂ ಕೈಯಲ್ಲಿ ನುಡಿಸತಕ್ಕದ್ದು. ನಮ್ಮ ಕಡೆ ಹಾರ್ಮೋನಿಯಂ ಎಂದರೆ ಪೇಟಿ. ಪೇಟಿಯ ಮುಂದೆ ಕೂತವರ ಬಲಗೈ ಸ್ವರ ನುಡಿಸುತ್ತದೆ, ಎಡಗೈ ಹಿಂದಿನ ತಿದಿ ಒತ್ತಿ ಗಾಳಿ ಹಾಕುತ್ತದೆ. ನಮ್ಮ ಎಡಗೈಗಳು ತಲೆಮಾರುಗಳಿಂದ ಗಾಳಿ ಹಾಕುವ ಹುದ್ದೆಯಲ್ಲೇ ಸೇವೆ ಸಲ್ಲಿಸಿ ನಿವೃತ್ತವಾಗಿವೆ. ರಾಗದ ತಂಟೆಗೆ ಹೋದವಲ್ಲ, ಬಡ್ತಿ ಕೇಳಿದವಲ್ಲ. ತಾವು ಬಂದವರೇ ಗಾಳಿಯ ಹುದ್ದೆಯನ್ನು ರದ್ದುಪಡಿಸಿ ಎಡಗೈಯನ್ನು ಬಲಗೈಯ ಪಕ್ಕದ ಕುರ್ಚಿಗೆ ಕೂರಿಸಿದಿರಿ. ಆ ಬಡ್ತಿಯ ಗಾಬರಿಯಲ್ಲಿ ನನ್ನ ಎಡಗೈ ಇಂದಿಗೂ ಸ್ವರ ಬಿಟ್ಟು ತಮ್ಮ ಬೆನ್ನ ಹಿಂದೆ ತಿದಿ ಹುಡುಕುತ್ತದೆ. ಸಿಗದಿದ್ದಾಗ ತಮ್ಮ ಬೆನ್ನು ಸವರಿ ಸುಮ್ಮನಾಗುತ್ತದೆ. ಅದನ್ನು ತಾವು ಪ್ರೀತಿಯೆಂದು ತಿಳಿದಿದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕು.

ಮುಂದಿನದು, ಮೂರು ಸ್ವರಗಳನ್ನು ಒಮ್ಮೆಗೇ ಒತ್ತಬೇಕಂತೆ. ಅದಕ್ಕೆ ಸ್ವರಗುಚ್ಛವೆಂದು ಚೆಂದದ ಹೆಸರು. ನಮಗೆ ಕಲಿಸಿದ ಸಂಗೀತದಲ್ಲಿ ಸ್ವರಗಳು ಪಂಕ್ತಿಗೆ ಬರುವ ಹಿರಿಯರ ಹಾಗೆ, ಒಬ್ಬರು ಕೂತ ಮೇಲೆ ಒಬ್ಬರು ಬರುತ್ತವೆ. ತಮ್ಮಲ್ಲಿ ಅವು ಸಂಜೆಯ ಮಾನ್ವಿ ಬಸ್ಸಿನ ಬಾಗಿಲಿಗೆ ಮೂವರು ಒಟ್ಟಿಗೆ ಹೆಗಲು ಕೊಟ್ಟ ಹಾಗೆ ನುಗ್ಗುತ್ತವೆ. ಆ ಮೂವರಲ್ಲಿ ಒಬ್ಬರು ಸಿಂಧನೂರಿಗೆ ಹೋಗುವವರು ತಪ್ಪಿ ಹತ್ತಿರುತ್ತಾರೆ. ಅವರನ್ನು ಅಪಸ್ವರ ಎನ್ನುತ್ತಾರೆಂದು ಆಮೇಲೆ ತಿಳಿಯಿತು.

ಆಮೇಲೆ ದೃಷ್ಟಿವಾದನ. ಐದು ಗೆರೆಗಳ ಮೇಲೆ ಚುಕ್ಕೆ ಇಟ್ಟ ಹಾಳೆಯನ್ನು ಮುಂದಿಟ್ಟರೆ ನೋಡಿದ ಕೂಡಲೇ ನುಡಿಸಬೇಕು. ನಮ್ಮ ಮನೆಯಲ್ಲಿ ಬೆಳಗಾದರೆ ಚುಕ್ಕೆ ಇಟ್ಟು ರಂಗೋಲಿ ಹಾಕುವವಳಾದ ನನಗೆ ಅದು, ಯಾರೋ ಹಾಲು ಉಕ್ಕಿತೆಂದು ನಡುವೆ ಎದ್ದುಹೋದ ರಂಗೋಲಿಯಂತೆ ಕಂಡಿತು. ಚುಕ್ಕೆಗಳನ್ನು ಜೋಡಿಸಿ ನವಿಲು ಮಾಡಿಯೂ ಬಿಟ್ಟೆ. ನಾವಿಬ್ಬರೂ ದೃಷ್ಟಿಯದೇ ದೊಡ್ಡ ತೊಂದರೆ ಎಂದು ಮಾತಾಡಿಕೊಂಡಿದ್ದನ್ನು ಬಸ್ಸಮ್ಮ ಕೇಳಿಸಿಕೊಂಡಿರಬೇಕು. ಮರುದಿನ ಬಂದು ನೋಡಿದರೆ ತಮ್ಮ ಕಪಾಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು. ಉಪ್ಪು ಸಾಸಿವೆ ನಿವಾಳಿಸಿ ತಮ್ಮ ದೃಷ್ಟಿ ತೆಗೆದಾಗಿತ್ತು. ತಮ್ಮ ದೃಷ್ಟಿ ಹೋಯಿತೋ ಏನೋ, ನಮ್ಮದು ಹಾಗೆಯೇ ಉಳಿಯಿತು.

ಆದರೆ ಇವೆಲ್ಲಕ್ಕೂ ಕಿರೀಟವಿಟ್ಟಂಥದು ವರ್ಗಾವಣೆ. ಒಂದು ಶ್ರುತಿಯಲ್ಲಿ ಬರೆದ ಹಾಡನ್ನು ಇನ್ನೊಂದು ಶ್ರುತಿಗೆ ಎತ್ತಿ ನುಡಿಸುವ ವಿದ್ಯೆಗೆ, ಇಂಗ್ಲಿಷಿನ ಪಠ್ಯಕ್ರಮವನ್ನು ಕನ್ನಡಿಸಿದ ಯಾರೋ ಪುಣ್ಯಾತ್ಮರು ಈ ಪದವನ್ನು ದಯಪಾಲಿಸಿದ್ದಾರೆ. 'ಅಭ್ಯರ್ಥಿಯು ಪರೀಕ್ಷಕರು ಸೂಚಿಸಿದ ಸ್ಥಾನಕ್ಕೆ ಸ್ಥಳದಲ್ಲೇ ವರ್ಗಾವಣೆಗೊಳ್ಳತಕ್ಕದ್ದು' ಎಂಬ ವಾಕ್ಯ ಅಚ್ಚಾಗಿಯೇ ಬಂದಿದೆ. ಅನುವಾದಕರು ನಮ್ಮ ಜಿಲ್ಲೆಯಲ್ಲಿ ಒಂದು ಕಾಲದಲ್ಲಿ ನೌಕರಿ ಮಾಡಿದವರಿರಬೇಕು. ಇಲ್ಲಿಗೆ ನೇಮಕವಾಗಿ ಬರುವವರು ಬ್ಯಾಗು ಬಿಚ್ಚುವ ಮುನ್ನ ಕೇಳುವುದೇ ವರ್ಗಾವಣೆಯ ಅರ್ಜಿಯನ್ನು. ತಮ್ಮನ್ನು ನಮಗೆ ಕಲಿಸಲೆಂದೇ ಬಂದ ಜಯಸಿಂಹ ಸರ್ ಕೂಡ ಒಂದು ವಾರ ನಮ್ಮ ವರ್ಗಕ್ಕೆ ಬಂದರು, ಮರುವಾರ ವರ್ಗವಾಗಿ ಹೋದರು. ಬರುವುದಕ್ಕೂ ಹೋಗುವುದಕ್ಕೂ ಒಂದೇ ಪದ ಇಟ್ಟುಕೊಂಡಿರುವ ಭಾಷೆ ನಮ್ಮದಲ್ಲದೆ ಇನ್ನೊಂದಿರಲಾರದು. ಹೋಗುವ ಮುನ್ನ ಅವರು ಹೇಳಿಕೊಟ್ಟ ಕೊನೆಯ ಪಾಠ ತಮ್ಮ ಗುಟ್ಟನ್ನು ಕುರಿತದ್ದು: ಡೆಮೊ ಗುಂಡಿಯ ಪಕ್ಕದಲ್ಲೇ ತಮಗೊಂದು ಪುಟ್ಟ ಗುಂಡಿ ಇದೆ, ಅದನ್ನು ಒತ್ತಿದರೆ ಬೆರಳು ಇದ್ದಲ್ಲೇ ಇರುತ್ತದೆ, ದನಿ ಮಾತ್ರ ಬೇರೆ ಶ್ರುತಿಗೆ ವರ್ಗವಾಗುತ್ತದೆ. ಕರೆಂಟು ಆರಿಸಿ ಹಾಕಿದರೆ ಮತ್ತೆ ಮೊದಲಿನಂತೆ. ಪರೀಕ್ಷೆಯಲ್ಲಿ ಆ ಗುಂಡಿಯನ್ನು ಮುಟ್ಟುವಂತಿಲ್ಲ, ಬೆರಳುಗಳೇ ಎದ್ದು ಹೊಸ ಜಾಗಕ್ಕೆ ಹೋಗಬೇಕು ಎಂದೂ ಹೇಳಿದ್ದರು.

ಗುಲ್ಫಶಾಳ ತಂದೆ ಅಲ್ತಾಫ್ ಚಾಚಾ ದೇವದುರ್ಗದಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟವರು. ರಾಜಕೀಯದವರು ಏರುವ ಗಾದಿಯಲ್ಲ, ನಾವು ಮಲಗುವ ಹತ್ತಿಯ ಗಾದಿ. ಮಗಳ ಪುಸ್ತಕದಲ್ಲಿ ಆ ವಾಕ್ಯವನ್ನು ಓದಿದ ಅವರಿಗೆ ನಿದ್ದೆ ಹತ್ತಲಿಲ್ಲ. ಪರೀಕ್ಷೆ ಮುಗಿದ ಕೂಡಲೇ ಸರ್ಕಾರ ಹುಡುಗಿಯನ್ನು ಸ್ಥಳದಲ್ಲೇ ಯಾವುದೋ ದೂರದ ಊರಿಗೆ ಹಾಕುತ್ತದೆ ಎಂದೇ ಅವರು ತಿಳಿದರು. ನೌಕರಿ ಸಿಗುವ ಮೊದಲೇ ವರ್ಗಾವಣೆ ಮಾಡುವುದು ಯಾವ ನ್ಯಾಯ ಎಂದು ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಕೇಳಿದರಂತೆ. ಸ್ವತಃ ವರ್ಗಾವಣೆಯಲ್ಲಿ ನೊಂದ ಮಾಸ್ತರರೊಬ್ಬರು, ಈಗಿನ ಕಾಲದಲ್ಲಿ ಎಲ್ಲವೂ ಸಾಧ್ಯವೆಂದು ಅವರ ಭಯಕ್ಕೆ ಇನ್ನಷ್ಟು ಹತ್ತಿ ತುಂಬಿದರು.

ಇತ್ತ ತಾವು ಕಪಾಟಿನಲ್ಲಿ ವಿಶ್ರಮಿಸುತ್ತಿದ್ದಾಗ ಗುಲ್ಫಶಾ ಮನೆಯಲ್ಲಿ ತಮ್ಮ ಪ್ರತಿಮೆಯನ್ನು ಪ್ರತಿಷ್ಠಾಪಿಸಿದಳು. ಊಟಕ್ಕೆ ನೆಲದ ಮೇಲೆ ಹಾಸುವ ಬಟ್ಟೆಗೆ ಅವರಲ್ಲಿ ದಸ್ತರ್‌ಖಾನ್ ಎನ್ನುತ್ತಾರೆ. ಹಳೆಯ ಪ್ಲಾಸ್ಟಿಕ್ ದಸ್ತರ್‌ಖಾನಿನ ಹಿಂಬದಿಗೆ ಮಾರ್ಕರ್ ಪೆನ್ನಿನಿಂದ ತಮ್ಮ ಅಷ್ಟೂ ಹಲ್ಲುಗಳನ್ನು ಅಳತೆಗೆ ಸರಿಯಾಗಿ ಬಿಡಿಸಿ, ಅದರ ಮೇಲೆ ಎರಡೂ ಕೈಯಾಡಿಸಿ ಅಭ್ಯಾಸ ಮಾಡಿದಳು. ಅವಳ ಅಜ್ಜಿ ದಾವಲ್ ಬೀ ಮೊದಲ ದಿನ 'ಬೋಲ್ತಾ ನೈ ಸೋ ಬಾಜಾ ಕಾಯ್ಕು ಬೇಟಾ?' ಎಂದು, ಅಂದರೆ ಮಾತೇ ಆಡದ ವಾದ್ಯ ಯಾಕಮ್ಮಾ ಎಂದು, ಬೇಸರಪಟ್ಟುಕೊಂಡರಂತೆ. ಊಟದ ಹೊತ್ತಿಗೆ ಅದನ್ನೇ ಎಳೆದು ಹಾಸುವವರೂ ಅವರೇ. ನಾನು ಒಮ್ಮೆ ಅಲ್ಲಿ ಉಂಡಿದ್ದೇನೆ: ರಿ ಮೇಲೆ ರೊಟ್ಟಿ, ಪ ಮೇಲೆ ಪುಂಡಿಪಲ್ಯ, ನಿ ಮೇಲೆ ನೀರು. ಸಾ ಮೇಲೆ ಸಾರು ಬರಲಿದ್ದುದನ್ನು ಗುಲ್ಫಶಾ ಕೈ ಅಡ್ಡ ಹಿಡಿದು ತಡೆದಳು, ಆಧಾರಸ್ವರ ಒದ್ದೆಯಾಗಬಾರದೆಂದು.

ಆ ಬಟ್ಟೆಯ ಗುಣವೇನೆಂದರೆ ಅದು ಸುಮ್ಮನಿರುತ್ತದೆ. ಬೆರಳು ಎಲ್ಲಿ ಬಿದ್ದರೂ ದನಿಯನ್ನು ತಾನೇ ಮನಸ್ಸಿನಲ್ಲಿ ಕೇಳಿಸಿಕೊಳ್ಳಬೇಕು. ದೇವದುರ್ಗದಿಂದ ರಾಯಚೂರಿಗೆ ಬಸ್ಸಿನಲ್ಲಿ ಬರುವಾಗ ಫೋನಿನ ತಂಬೂರಿಯನ್ನು ಕಿವಿಗೆ ಹಚ್ಚಿಕೊಂಡು, ಮಡಿಲಿನ ಮೇಲೆ ದಸ್ತರ್‌ಖಾನ್ ಹರಡಿಕೊಂಡು ಅವಳು ಕೂತರೆ, ಪಕ್ಕದವರು ಊಟದ ಡಬ್ಬಿ ಯಾವಾಗ ಬಿಚ್ಚುತ್ತಾಳೋ ಎಂದು ಕಾಯುತ್ತಿದ್ದರು. ಅವಳ ತಂಬೂರಿ ಯಾವಾಗಲೂ ಕರಿ ಐದು. ತಮಗೆ ಹೇಳಬೇಕಾಗಿಲ್ಲ, ಓದುಗರ ಸಲುವಾಗಿ ಹೇಳುತ್ತೇನೆ: ಪೇಟಿಯ ಎಷ್ಟನೆಯ ಬಿಳಿ ಕೀಲಿ ಅಥವಾ ಕರಿ ಕೀಲಿ ನಮ್ಮ ಸಾ ಎಂಬುದೇ ನಮ್ಮ ಹಾಡುಗಾರರ ವಿಳಾಸ. ಗುಲ್ಫಶಾ ಹುಟ್ಟಿದ್ದು ದೇವದುರ್ಗದಲ್ಲಿ, ಅವಳ ಗಂಟಲು ವಾಸವಿರುವುದು ಕರಿ ಐದರಲ್ಲಿ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಆ ಸಾ ಹಿಡಿಯುತ್ತಾಳೆ.

ಈಗ ಪರೀಕ್ಷೆಯ ದಿನಕ್ಕೆ ಬರೋಣ. ತಾವೂ ಬರಬೇಕು, ತಪ್ಪಿಸಿಕೊಳ್ಳಬಾರದು.

ಹೊರಗಿನ ಊರಿನಿಂದ ಪರೀಕ್ಷಕರು ಬಂದರು. ಬಾಗಿಲಲ್ಲೇ ಅವರಿಗೆ ಎದುರಾದವರು ಅಲ್ತಾಫ್ ಚಾಚಾ, ಹೆಗಲ ಮೇಲೆ ಹೊಸದಾಗಿ ಹೊಲಿದು ಸುತ್ತಿದ ಗಾದಿಯ ಸಮೇತ. ಮಗಳು ಎಲ್ಲಿಗೇ ವರ್ಗವಾಗಲಿ, ನೆಲದ ಮೇಲೆ ಮಲಗಬಾರದೆಂದು ಅದನ್ನು ಹೊತ್ತು ತಂದಿದ್ದರು. "ಸಾಹೇಬ್ರ, ಹುಡುಗಿನ ಎಲ್ಲಿಗರ ವರ್ಗ ಮಾಡ್ರಿ, ಗಬ್ಬೂರು ಮಾತ್ರ ದಾಟಿಸಬ್ಯಾಡ್ರಿ. ಅಲ್ಲಿ ಆಕಿಗಿ ಕೆಲ್ಸ ಐತ್ರಿ" ಎಂದು ಕೈಮುಗಿದರು. ಪರೀಕ್ಷಕರು ಅವರನ್ನು ಅತಿಥಿಗೃಹಕ್ಕೆ ಹಾಸಿಗೆ ತಂದವರೆಂದು ತಿಳಿದು, ಮೆತ್ತಗಿದ್ದರೆ ಎರಡು ಇರಲಿ ಎಂದು ಹೇಳಿ ಒಳಗೆ ನಡೆದರು. ಗುಲ್ಫಶಾ ಅಪ್ಪನಿಗೆ ಸಮಾಧಾನ ಹೇಳಿ ಕಿಟಕಿಯ ಹೊರಗೆ ಗಾದಿಯ ಮೇಲೆಯೇ ಕೂರಿಸಿದಳು. ಅವರು ದೇವದುರ್ಗದಲ್ಲಿ ಕಾದಿದ್ದ ದಾವಲ್ ಬೀಗೆ ಕಳಿಸಲೆಂದು ಫೋನು ತೆಗೆದು ಒಳಗಿನ ದನಿಯನ್ನು ರೆಕಾರ್ಡ್ ಮಾಡತೊಡಗಿದರು.

ಒಳಗೆ ಪ್ರಾಚಾರ್ಯರು ಗಣ್ಯರಿಗೆ ಮಾಡುವ ಮರ್ಯಾದೆಯಂತೆ ಡೆಮೊ ಒತ್ತಿದರು. ತಾವು ಮೊಳಗಿದಿರಿ, ಸರಿ. ಆದರೆ ಅಂದು ತಮಗೆ ಏನು ಹುರುಪು ಬಂದಿತ್ತೋ, ಪರೀಕ್ಷಕರು ಸಾಕೆಂದರೂ ನಿಲ್ಲಲಿಲ್ಲ. ಪ್ರಾಚಾರ್ಯರು ಬೆವರುತ್ತ ಡೆಮೊದ ಅಕ್ಕಪಕ್ಕದ ಗುಂಡಿಗಳನ್ನೆಲ್ಲ ಸಿಕ್ಕಸಿಕ್ಕ ಹಾಗೆ ಅದುಮಿದರು. ನಾನು ಕಣ್ಣಾರೆ ಕಂಡೆ. ತಾವು ನಿಂತಿರಿ, ಎಲ್ಲರೂ ಉಸಿರು ಬಿಟ್ಟರು, ಯಾವ ಗುಂಡಿಗೆ ಏನಾಯಿತೆಂದು ಯಾರೂ ನೋಡಲಿಲ್ಲ.

ಅಕ್ಷರಮಾಲೆಯಲ್ಲಿ ಗ ಮೊದಲು, ಶ ಆಮೇಲೆ. ಗುಲ್ಫಶಾಳ ಸರದಿ ಮೊದಲು ಬಂತು. ಎರಡು ಕೈ ನುಡಿಸುವುದು ಆಯಿತು, ಸ್ವರಗುಚ್ಛಗಳು ನೂಕುನುಗ್ಗಲಿಲ್ಲದೆ ಬಸ್ಸು ಹತ್ತಿದವು. ಬೆರಳಿನ ಕೆಳಗಿನ ದನಿ ಏನೋ ಬೇರೆಯಾಗಿದೆ ಎಂದು ಅವಳಿಗೆ ಅಲ್ಲೇ ಅನ್ನಿಸಿತ್ತಂತೆ. ಕೊನೆಗೆ ಪರೀಕ್ಷಕರು ಬಿಳಿ ಒಂದರಲ್ಲಿ ಬರೆದ ಒಂದು ಹಾಡನ್ನು ಮುಂದಿಟ್ಟು, ಇದನ್ನು ಕರಿ ಐದಕ್ಕೆ ವರ್ಗಾಯಿಸಿ ನುಡಿಸು ಎಂದರು. ಗುಲ್ಫಶಾ ಶ್ರುತಿ ನೋಡಲು ಬಿಳಿ ಒಂದನ್ನು ಮೆಲ್ಲಗೆ ಒತ್ತಿದಳು, ಮತ್ತು ಒತ್ತಿದ ಬೆರಳನ್ನು ಎತ್ತದೆ ಹಾಗೇ ಕೂತಳು. ಬಿಳಿ ಒಂದನ್ನು ಒತ್ತಿದರೆ ತಾವು ಕರಿ ಐದರ ದನಿಯಲ್ಲಿ ಮಾತಾಡಿದ್ದಿರಿ. ಅವಳ ಸ್ವಂತ ಸಾ, ಇನ್ನೊಬ್ಬರ ಮನೆಯ ಬಾಗಿಲು ತೆರೆದು ಹೊರಗೆ ಬಂದಿತ್ತು.

ಈಗ ಅವಳ ಸಂಕಟವನ್ನು ತಾವು ಊಹಿಸಬೇಕು. ಕಣ್ಣಿಗೆ ಸರಿಯೆನಿಸುವಂತೆ ಬೆರಳನ್ನು ಕರಿ ಐದಕ್ಕೆ ಒಯ್ದರೆ ದನಿ ಇನ್ನೂ ಕೆಳಗಿಳಿದು ಕರಿ ನಾಲ್ಕಾಗುತ್ತದೆ, ಕಿವಿಗೆ ತಪ್ಪು. ಬೆರಳನ್ನು ಇದ್ದಲ್ಲೇ ಇಟ್ಟರೆ ದನಿ ಕೇಳಿದ ಶ್ರುತಿಯಲ್ಲೇ ಇರುತ್ತದೆ, ಕಣ್ಣಿಗೆ ತಪ್ಪು. ಅಂಕ ಕೊಡುವವರು ಕಣ್ಣಿನಿಂದ ಕೇಳುವವರೆಂದು ಅವಳಿಗೆ ಅಷ್ಟರಲ್ಲಿ ತಿಳಿದಿತ್ತು. ಅವರ ನೋಟ ಬೆರಳು ಬಿಟ್ಟು ಕದಲಿರಲಿಲ್ಲ. ಆದರೂ ಅವಳು ಕಿವಿಯ ಮಾತು ಕೇಳಿದಳು. ಬೆರಳು ಕದಲಿಸದೆ ಆ ಹಾಡನ್ನು ಇಡಿಯಾಗಿ ಕರಿ ಐದರ ದನಿಯಲ್ಲಿ ನುಡಿಸಿದಳು. ವರ್ಗಾವಣೆ ಮಾಡು ಎಂದರೆ ಇದ್ದಲ್ಲೇ ಕೂತಿದ್ದೀಯಲ್ಲಮ್ಮ ಎಂದು ಪರೀಕ್ಷಕರು ಗದರಿದರು.

"ಸರ್, ವರ್ಗಾವಣಿ ಇದರದ್ದು ಆಗಲೇ ಆಗ್ಯದ್ರಿ," ಎಂದಳು ಗುಲ್ಫಶಾ. "ಇದರ ಮ್ಯಾಲ ನಾನೂ ವರ್ಗ ಆದ್ರ ಹಾಡು ಊರ ದಾಟಿ ಹೋಗ್ತದ."

ಪಕ್ಕದ ಕೋಣೆಯಿಂದ ಪೇಟಿ ತರಿಸಿ ದನಿ ತಾಳೆ ನೋಡಬೇಕೆಂದು ಅವಳು ಬೇಡಿಕೊಂಡಳು. ಬಸ್ಸಮ್ಮ ಪೇಟಿ ಎತ್ತಿಕೊಂಡು ಹೊಸ್ತಿಲಿಗೆ ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ನಾಡಿಗೆಲ್ಲ ಕರೆಂಟು ಬೇಯಿಸಿ ಬಡಿಸುವ ನಮ್ಮ ಜಿಲ್ಲೆಯಲ್ಲಿ ಅದೂ ಒಂದು ಬಗೆಯ ವರ್ಗಾವಣೆಯೇ: ಇಲ್ಲಿ ಹುಟ್ಟಿದ್ದು ಬೇರೆಲ್ಲಿಗೋ ಹೋಗುತ್ತದೆ. ಕರೆಂಟು ಮರಳಿ ಬಂದಾಗ ಪರೀಕ್ಷಕರು ತಾವೇ ಬಿಳಿ ಒಂದನ್ನು ಒತ್ತಿ ನೋಡಿದರು. ತಾವು, ಹಾಲು ಕುಡಿದು ಬಾಯಿ ಒರೆಸಿಕೊಂಡ ಬೆಕ್ಕಿನಂಥ ಮುಖ ಮಾಡಿಕೊಂಡು, ಶುದ್ಧವಾದ ಬಿಳಿ ಒಂದನ್ನೇ ನುಡಿದಿರಿ. ಪರೀಕ್ಷಕರು ಹಾಳೆಯಲ್ಲಿ 'ಅಭ್ಯರ್ಥಿಯ ಬೆರಳು ಕೊನೆಯವರೆಗೂ ಬಿಳಿ ಒಂದನ್ನು ಬಿಟ್ಟು ಕದಲಲಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು, ಅದರ ಪಕ್ಕ ಒಂದು ದುಂಡನೆಯ ಸೊನ್ನೆಯನ್ನು ಕೂರಿಸಿದರು. ಆಮೇಲೆ ಬಂದ ನನ್ನ ಸರದಿಗೆ ತಾವು ಸತ್ಯಹರಿಶ್ಚಂದ್ರರಾಗಿದ್ದಿರಿ. ಸತ್ಯವಂತರಾದ ತಮ್ಮ ಮೇಲೆ ತಪ್ಪುತಪ್ಪಾಗಿ ಕೈಯಾಡಿಸಿಯೂ ನಾನು ಪಾಸಾದೆ.

ಗುಲ್ಫಶಾ ಮೇಲ್ಮನವಿ ಹಾಕಿದಳು. ನಾನು ಕಂಡದ್ದನ್ನು ಹೇಳಿದರೆ ಗೆಳತಿಯ ಸಾಕ್ಷಿ ನಡೆಯದೆಂದರು. ಪ್ರಾಚಾರ್ಯರಂತೂ ಡೆಮೊ ಬಿಟ್ಟು ಬೇರೆ ಯಾವ ಗುಂಡಿಯ ಪರಿಚಯವೂ ತನಗಿಲ್ಲವೆಂದು ಬರೆದುಕೊಟ್ಟರು. ಅದು ನಿಜವೂ ಹೌದು. ಹೀಗಾಗಿ ಫಲಿತಾಂಶ ತಡೆಯಲ್ಲಿದೆ, ತಿಂಗಳು ಮಾತ್ರ ತಡೆಯಿಲ್ಲದೆ ಮುಗಿಯುತ್ತಿದೆ. ಗಬ್ಬೂರಿನವರು ಫೋನಿನ ಮೇಲೆ ಫೋನು ಮಾಡಿ, ಬರುತ್ತೀರೋ ಇಲ್ಲವೋ ಎಂದು ಕೇಳುತ್ತಿದ್ದಾರೆ. ಅಲ್ತಾಫ್ ಚಾಚಾ ಆ ಗಾದಿಯನ್ನು ಮಾರಾಟಕ್ಕಿಡದೆ, ಬಿಚ್ಚದೆ, ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿದ್ದಾರೆ. ಗುಲ್ಫಶಾ ಕಳೆದ ವಾರ ಒಂದೇ ಮಾತು ಆಡಿದಳು: ಕಿವಿಯ ಮಾತು ಕೇಳಿದ್ದು ತಪ್ಪಾಯಿತೇನೋ ಎಂದು. ಮೂರು ವರ್ಷದಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಅಪಸ್ವರ ಅದು. ಮಾನ್ಯರೇ, ಈ ಪತ್ರ ಬರೆಯಲು ಕೂತದ್ದು ಅದಕ್ಕೆ.

ಆದರೆ ತಮಗೆ ತಿಳಿಯದ ಒಂದು ಸಂಗತಿ ಇದೆ. ಅಲ್ತಾಫ್ ಚಾಚಾ ಕಿಟಕಿಯಲ್ಲಿ ಕೂತು ಮಾಡಿದ ರೆಕಾರ್ಡನ್ನು, ಫೋನು ತುಂಬಿತೆಂದು ಅವರೇ ಅಳಿಸಿಹಾಕಿದ್ದರು. ಆದರೆ ವಾಟ್ಸ್ಯಾಪಿನಲ್ಲಿ ಅದನ್ನು ಪಡೆದ ದಾವಲ್ ಬೀ, ಮಾತೇ ಆಡದ ಬಾಜಾ ಕೊನೆಗೂ ಬಾಯಿಬಿಟ್ಟಿತೆಂಬ ಸಂತೋಷದಲ್ಲಿ ಅದನ್ನು ಉಳಿಸಿಕೊಂಡು, ಬಂದುಹೋದ ನೆಂಟರಿಗೆಲ್ಲ ಚಹಾದ ಜೊತೆ ಕೇಳಿಸಿದ್ದಾರೆ. ಅದರಲ್ಲಿ ಚಾಚಾನ ಕೆಮ್ಮು ಇದೆ, ಫ್ಯಾನಿನ ಗರಗರ ಇದೆ, ಪರೀಕ್ಷಕರ ಗದರಿಕೆಯೂ ಇದೆ. ನಡುವೆ ಆ ಹಾಡು ಮೊದಲಿನಿಂದ ಕೊನೆಯವರೆಗೆ ಇದೆ. ನಾವು ಪೇಟಿ ಇಟ್ಟುಕೊಂಡು ತಾಳೆ ನೋಡಿದೆವು. ಅಚ್ಚ ಕರಿ ಐದು. ಬೆರಳು ಬಿಳಿ ಒಂದರಲ್ಲೇ ಇತ್ತೆಂದು ಪರೀಕ್ಷಕರೇ ದಪ್ಪಕ್ಷರದಲ್ಲಿ ಬರೆದಿದ್ದಾರೆ. ದನಿ ಕರಿ ಐದರಲ್ಲಿತ್ತೆಂದು ದಾವಲ್ ಬೀಯವರ ಫೋನು ಹೇಳುತ್ತದೆ. ಇಬ್ಬರೂ ಸತ್ಯವಂತರಾದರೆ, ನಡುವೆ ಸುಳ್ಳು ಹೇಳಿದವರು ಯಾರೆಂದು ತಾವೇ ತಮ್ಮ ಅರವತ್ತೊಂದು ಹಲ್ಲು ಮುಟ್ಟಿಕೊಂಡು ಹೇಳಬೇಕು. ರೆಕಾರ್ಡು ಈಗ ವಿಶ್ವವಿದ್ಯಾಲಯದ ಮೇಲ್ಮನವಿ ಸಮಿತಿಯ ಕೈಯಲ್ಲಿದೆ.

ತಮ್ಮ ಪ್ರತಿಭೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ತಮ್ಮ ಹೊಟ್ಟೆಯಲ್ಲಿ ನೂರಾರು ದನಿಗಳಿವೆ. ಕೊಳಲು, ಶಹನಾಯಿ ಇರಲಿ, ನಾಯಿ ಬೊಗಳುವ ದನಿ ಇದೆ, ಕುದುರೆ ಓಡುವ ದನಿ ಇದೆ, ಹೆಲಿಕಾಪ್ಟರ್ ಹಾರುವ ದನಿಯೂ ಇದೆ. ಸಂಗೀತಕ್ಕೆ ಹೆಲಿಕಾಪ್ಟರ್ ಏಕೆಂದು ನಾವು ಎಂದಾದರೂ ಕೇಳಿದ್ದೇವೆಯೇ? ಇಷ್ಟೆಲ್ಲ ದನಿಗಳ ನಡುವೆ ನಿಜ ಹೇಳುವ ದನಿಯೊಂದನ್ನು ಇಡಲು ತಯಾರಕರು ಮರೆತರೇ ಎಂಬುದಷ್ಟೇ ನನ್ನ ವಿನಮ್ರ ಪ್ರಶ್ನೆ. ಹಾಗಾಗಿ ತಾವು ದಯವಿಟ್ಟು ಸೋಮವಾರ ಸಮಿತಿಯ ಮುಂದೆ ಸ್ವತಃ ಹಾಜರಾಗಿ, ಯಾರೂ ಡೆಮೊ ಒತ್ತದೆಯೇ ತಮ್ಮಷ್ಟಕ್ಕೆ ತಾವೇ, 'ಅಂದು ನಾನು ವರ್ಗವಾಗಿದ್ದೆ' ಎಂಬ ಮೂರು ಮಾತನ್ನು ಶುದ್ಧ ಕರಿ ಐದರಲ್ಲಿ ಆಡಬೇಕೆಂದು ಕೋರುತ್ತೇನೆ. ಮಾತು ಬಾರದಿದ್ದರೆ ಹೆಲಿಕಾಪ್ಟರ್ ದನಿಯಲ್ಲಾದರೂ ತಪ್ಪೊಪ್ಪಿಕೊಳ್ಳಬಹುದು, ನಮ್ಮ ಆಕ್ಷೇಪವಿಲ್ಲ. ಜೊತೆಗೆ, ಸಾಧ್ಯವಾದರೆ ಬೆನ್ನ ಹಿಂದೆ ಒಂದು ಪುಟ್ಟ ತಿದಿಯನ್ನು ಬೆಳೆಸಿಕೊಳ್ಳಬೇಕು. ನನ್ನ ಎಡಗೈ ಇನ್ನೂ ಹುಡುಕುತ್ತಿದೆ.

ತಪ್ಪು ಸ್ವರ ಬಿದ್ದಿದ್ದರೆ ಡೆಮೊದ ಸದ್ದಿನಲ್ಲಿ ಮುಚ್ಚಿಹಾಕಿರೆಂದು ಬೇಡುತ್ತಾ,

ತಮ್ಮ ಮೇಲೆ ವಿಶ್ವಾಸ ಉಳಿಯದಿದ್ದರೂ ಪದ್ಧತಿಯ ಪ್ರಕಾರ
ತಮ್ಮ ವಿಶ್ವಾಸಿ,
ಶ್ರೀವಲ್ಲಿ
ಮಾನ್ವಿ

ತಾ.ಕ.: ಲಕೋಟೆಗೆ ಗೋಂದು ಹಚ್ಚುವ ಹೊತ್ತಿಗೆ ಸುದ್ದಿ ಬಂತು. ಸಮಿತಿಯವರು ಸೋಮವಾರಕ್ಕೂ ಕಾಯದೆ ರೆಕಾರ್ಡು ಕೇಳಿದ್ದಾರೆ. ಅಂದಿನ ಪರೀಕ್ಷಕರೂ ಇದ್ದರಂತೆ. ಅವರು ಈ ಬಾರಿ ಕಣ್ಣು ಮುಚ್ಚಿಕೊಂಡು ಕೇಳಿ, ಸ್ವತಃ ಪೇಟಿ ಎಳೆದುಕೊಂಡು ಕರಿ ಐದನ್ನು ಒತ್ತಿ ನೋಡಿ, ಸೊನ್ನೆಯ ಎಡಕ್ಕೆ ಎರಡರ ಅಂಕಿ ಬರೆದು ಅದನ್ನು ಇಪ್ಪತ್ತು ಮಾಡಿದರಂತೆ. ಗುಲ್ಫಶಾ ಪಾಸು, ಗಬ್ಬೂರಿನ ಕೆಲಸ ಅವಳದು. ಅದೇ ಆದೇಶದ ಕೆಳಗೆ ತಮ್ಮ ಹೆಸರೂ ಇದೆ: ವಿವಾದಕ್ಕೆ ಸಿಲುಕಿದ ವಾದ್ಯವನ್ನು ಪರೀಕ್ಷಾ ಕೇಂದ್ರದಲ್ಲಿ ಇಡುವುದು ಸರಿಯಲ್ಲವೆಂದು ತಮ್ಮನ್ನು ಗಬ್ಬೂರಿನ ವಸತಿ ಶಾಲೆಗೆ ವರ್ಗಾಯಿಸಿದ್ದಾರೆ, ಸ್ಥಳದಲ್ಲೇ. ತಾವು ನೆಲದ ಮೇಲೆ ಮಲಗಬಾರದೆಂದು ಅಲ್ತಾಫ್ ಚಾಚಾ ಹಳೆಯ ಹತ್ತಿಯಲ್ಲಿ ಒಂದು ಸಣ್ಣ ಗಾದಿ ಹೊಲಿಯುತ್ತಿದ್ದಾರೆ. ಹೋದ ಕೂಡಲೇ ಚಾರ್ಜು ವಹಿಸಿಕೊಳ್ಳಲು ತಮಗೆ ತುಸು ಕಷ್ಟವಾಗಬಹುದು. ಆದೇಶದಲ್ಲಿ ಅಡಾಪ್ಟರಿನ ಪ್ರಸ್ತಾಪವಿಲ್ಲವೆಂದು ಪ್ರಾಚಾರ್ಯರು ಅದನ್ನು ಮೇಜಿನ ಖಾನೆಯಲ್ಲೇ ಕೀಲಿ ಹಾಕಿ ಉಳಿಸಿಕೊಂಡಿದ್ದಾರೆ. ಗುಲ್ಫಶಾಗೆ ಇದರಿಂದ ಚಿಂತೆಯಿಲ್ಲ. ಅದು ಬರುವವರೆಗೆ ಮಕ್ಕಳಿಗೆ ದಸ್ತರ್‌ಖಾನಿನ ಮೇಲೆ ಕಲಿಸುತ್ತಾಳಂತೆ. ತಾವು ಪಕ್ಕದಲ್ಲಿ ಕೂತು, ಬಾಯಿ ಮುಚ್ಚಿಕೊಂಡು, ಕೇಳಿಸಿಕೊಳ್ಳುವುದನ್ನು ಕಲಿಯಬೇಕೆಂದು ತಿಳಿಸಿದ್ದಾಳೆ.